ತೇರಿನ ಬೀದಿಯಿಂದ ಕೋಟೆ ಮೈದಾನಕ್ಕೆ

ಮಗುವನ್ನು ಮೊದಲ ಸಲ ಸಂಗೀತಕ್ಕೆ ಕರೆದೊಯ್ಯುವವರು ಸಭಾಂಗಣಕ್ಕೆ ಹೋಗಬೇಡಿ, ತೇರಿಗೆ ಹೋಗಿ. ಸೇಲಂನ ಕನ್ನಡ ಮನೆಗಳಿಗೆ ಇದು ಕಾಲ್ನಡಿಗೆಯ ದಾರಿ. ತಮಿಳರ ವೈಕಾಸಿ ತಿಂಗಳಲ್ಲಿ ಊರಿನ ಸುಕವನೇಶ್ವರ ದೇವಾಲಯದ ಉತ್ಸವ ಬರುತ್ತದೆ. ಅಲ್ಲಿ ನುಡಿಸುವ ನಾಗಸ್ವರ ಬಯಲಿಗೆಂದೇ ಹುಟ್ಟಿದ ವಾದ್ಯ. ಮೈಕಿಲ್ಲದೆಯೂ ಬೀದಿಯ ಆ ತುದಿಗೆ ಮುಟ್ಟುತ್ತದೆ. ದೇವರು ಹೊರಡುವಾಗ ನುಡಿಸುವ ಮಲ್ಲಾರಿಗೆ ಸಾಹಿತ್ಯವಿಲ್ಲ, ಸಾಮಾನ್ಯವಾಗಿ ಗಂಭೀರನಾಟ ರಾಗ. ಅರ್ಥ ಹೇಳಿಕೊಡುವ ತಾಪತ್ರಯ ನಿಮಗಿಲ್ಲ. ಮಗು ಓಡಲಿ, ತಿರುಗಿ ಬರಲಿ. ಬಂದಾಗ, ನಾಗಸ್ವರದ ಜೊತೆ ತವಿಲು ಬಾರಿಸುವವರ ಒಂದು ಕೈಯ ಕೋಲು, ಇನ್ನೊಂದು ಕೈಯ ಬೆರಳುಗಳಿಗೆ ತೊಟ್ಟ ಗಟ್ಟಿ ಕವಚಗಳನ್ನು ತೋರಿಸಿ. ಆ ದಿನಕ್ಕೆ ಅಷ್ಟು ಸಾಕು.

ಕೂತು ಕೇಳುವ ಕಛೇರಿಗೆ ಬೆಂಗಳೂರಿನ ರಾಮನವಮಿಗಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಶ್ರೀ ರಾಮಸೇವಾ ಮಂಡಳಿ ನಡೆಸುವ ಈ ಉತ್ಸವವನ್ನು 1939ರಲ್ಲಿ ಆರಂಭಿಸಿದವರು ಎಸ್.ವಿ. ನಾರಾಯಣಸ್ವಾಮಿ ರಾವ್. ಎಂ.ಎಸ್. ಸುಬ್ಬುಲಕ್ಷ್ಮಿ, ಬಿಸ್ಮಿಲ್ಲಾ ಖಾನ್ ಅಂಥವರು ಬಂದು ಹೋದ ವೇದಿಕೆ. ಸೇಲಂನಿಂದ ಧರ್ಮಪುರಿ, ಹೊಸೂರು ಹಾದು ಸುಮಾರು 200 ಕಿಲೋಮೀಟರ್ ದಾರಿ. ಮಧ್ಯಾಹ್ನ ಮಗುವನ್ನು ಮಲಗಿಸಿಯೇ ಕರೆತನ್ನಿ.

ಹಿರಿಯರು ಒಪ್ಪದ ಮಾತೊಂದನ್ನು ಹೇಳುತ್ತೇನೆ: ಮಕ್ಕಳೊಡನೆ ತಡವಾಗಿ ಹೋಗಿ. ಕಛೇರಿ ವರ್ಣದಿಂದ ಏರುತ್ತ ಹೋಗಿ, ಮುಖ್ಯ ಕೃತಿ ಮುಟ್ಟಿ, ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ನಂತರ ದೇವರನಾಮಗಳಿಗೆ ಇಳಿಯುತ್ತದೆ. ಮೊದಲಿಂದ ಕೂರಿಸಿದರೆ ಮಗುವಿಗೆ ಬಹಳ ಹಿಡಿಸುವ ಆ ಕೊನೆಯ ಭಾಗ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಎರಡು ಹಾಡಿನ ನಡುವೆ ಒಳಗೆ ಬಂದು, ಧ್ವನಿವರ್ಧಕದಿಂದ ದೂರ, ಅಂಚಿನಲ್ಲಿ ಕೂರಿ. ಎದ್ದು ಹೋಗಬೇಕಾದರೂ ಹಾಡು ಮುಗಿದ ಮೇಲೆಯೇ.

ತನಿ ಶುರುವಾದೊಡನೆ ಕಾಫಿಗೆ ಏಳುವವರಿದ್ದಾರೆ; ನೀವು ಏಳಬೇಡಿ. ಮಗುವಿನ ಬಲಗೈ ಹಿಡಿದು ಆದಿತಾಳ ಹಾಕಿಸಿ: ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಎಂಟಾಯಿತು. ಹುಸಿಯೆಂದರೆ ಅಂಗೈ ಮೇಲಾಗಿ ತಿರುಗಿಸುವುದು. ಮೃದಂಗ ಎಲ್ಲೆಲ್ಲೋ ಅಲೆಯುವಾಗ ಎಣಿಕೆ ತಪ್ಪುತ್ತದೆ, ತಪ್ಪಲಿ. ಮೃದಂಗ, ಘಟ ಸರದಿಯಲ್ಲಿ ನುಡಿದು, ಸರದಿ ಚಿಕ್ಕದಾಗುತ್ತ ಬಂದು, ಕೊನೆಗೆ ಮೂರು ಸಲ ಒಂದೇ ಜತಿ ಹೊಡೆದು ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಅಂದರೆ ಎಡುಪಿಗೆ, ಸೇರಿಕೊಳ್ಳುವ ಗಳಿಗೆ ಇದೆಯಲ್ಲ, ಅದನ್ನು ಹಿಡಿದ ಮಗುವಿನ ಮುಖ ನೋಡಬೇಕು. ಮೃದಂಗದ ಎಡಮುಖಕ್ಕೆ ರವೆಯ ಕಣಕ ಮೆತ್ತುತ್ತಾರೆಂದು ಹೇಳಿದರೆ ಹತ್ತು ಪ್ರಶ್ನೆ ಬರುತ್ತವೆ. ಉತ್ತರಿಸಿ, ಆದರೆ ಪಿಸುಮಾತಿನಲ್ಲಿ.

ರಾಗದ ಹೆಸರು ಕಂಠಪಾಠ ಮಾಡಿಸಬೇಡಿ. ಅದಕ್ಕಿಂತ, ಹೊರಡುವ ಮೊದಲಿನ ವಾರವೆಲ್ಲ ಮನೆಯಲ್ಲಿ ಪುರಂದರದಾಸರ ಒಂದು ಪದವನ್ನು ಹಾಡುತ್ತಿರಿ. ನಮ್ಮ ಮಕ್ಕಳು ಶಾಲೆಯಲ್ಲಿ, ಬೀದಿಯಲ್ಲಿ ತಮಿಳಾಡಿ ಬೆಳೆದವರು. ಕನ್ನಡವೆಂದರೆ ಅವರಿಗೆ ಅಜ್ಜಿ ಊಟಕ್ಕೆ ಕರೆಯುವ ಮಾತು. ಅಂಥದೊಂದು ಕಛೇರಿಗೆ ಹೋದಾಗ ನನ್ನ ಮಗಳಿಗೆ ಎಂಟು ವರ್ಷ. ಅರೆನಿದ್ದೆಯಲ್ಲಿ ನನ್ನ ಭುಜಕ್ಕೊರಗಿದ್ದವಳು ದೇವರನಾಮದ ಮೊದಲ ಸಾಲಿಗೇ ತಲೆಯೆತ್ತಿ, ಸಾವಿರ ಜನರ ನಡುವೆ ಕಿವಿಯಲ್ಲಿ ಕೇಳಿದಳು: ‘ಇವ್ರಿಗೆ ನಮ್ಮನೆ ಮಾತು ಹೆಂಗ್ ಗೊತ್ತು?’