ಧ್ರುವಣಮಾಪಕ ರೇಡಾರ್ ಚಿತ್ರಗಳ ಅಂಶಾಂಕನ: ಒಂದು ವಿಮರ್ಶೆ

ಭೂವೀಕ್ಷಣೆಗೆ ಬಳಸುವ ಧ್ರುವಣಮಾಪಕ ರೇಡಾರು ಸಮತಲ ಮತ್ತು ಲಂಬ ಎಂಬ ಎರಡು ಬಗೆಯ ತರಂಗಗಳನ್ನು ಸರದಿಯಾಗಿ ಕಳುಹಿಸಿ, ಮರಳಿ ಬಂದುದನ್ನು ಎರಡು ಬಗೆಯಲ್ಲಿಯೂ ಸ್ವೀಕರಿಸುತ್ತದೆ. ಹೀಗೆ ದೊರೆಯುವ ನಾಲ್ಕು ಅಳತೆಗಳಲ್ಲಿ ಎರಡು ಸಜಾತೀಯ, ಎರಡು ವಿಜಾತೀಯ. ಕಾಡಿನ ಕೊಂಬೆರೆಂಬೆಗಳ ಸುಳಿವನ್ನು ಕೊಡುವುದು ಮುಖ್ಯವಾಗಿ ವಿಜಾತೀಯವೇ. ಅದು ಸ್ವಭಾವತಃ ದುರ್ಬಲವಾದುದರಿಂದ, ಒಂದು ವಾಹಿನಿಯಿಂದ ಇನ್ನೊಂದಕ್ಕಾಗುವ ಅಲ್ಪ ಸೋರಿಕೆಯೂ ಅದನ್ನು ಕೆಡಿಸಬಲ್ಲದು. ಈ ದೋಷವನ್ನು ಕಂಡು ಕಳೆಯುವುದೇ ಅಂಶಾಂಕನ.

ಈ ವಿಷಯದಲ್ಲಿ ವಾನ್ ಜೈಲ್ ಅವರ ೧೯೯೦ರ ಲೇಖನವೂ ಕ್ವೀಗನ್ ಅವರ ೧೯೯೪ರ ಲೇಖನವೂ ಮಾರ್ಗದರ್ಶಕವಾದುವು. ಸೋರಿಕೆಯನ್ನು ಚಿತ್ರದಿಂದಲೇ ಕಂಡುಹಿಡಿಯಬಹುದೆಂದು ಇವು ತೋರಿಸಿದುವು. ಪ್ರೇಷಣ ಮತ್ತು ಗ್ರಹಣಗಳ ದೋಷಗಳು ಸಮಾನವೆಂಬ ವಾನ್ ಜೈಲ್ ಅವರ ನಿಬಂಧನೆಯನ್ನು ಕ್ವೀಗನ್ ಕೈಬಿಟ್ಟರು. ಇದು ನಿಜವಾದ ಮುನ್ನಡೆ. ಆದರೆ ನಿಸರ್ಗಸಹಜ ನೆಲದಲ್ಲಿ ಸಜಾತೀಯ ಮತ್ತು ವಿಜಾತೀಯ ಪ್ರತಿಧ್ವನಿಗಳಿಗೆ ಸಹಸಂಬಂಧವಿಲ್ಲವೆಂಬ ಇನ್ನೊಂದು ಊಹೆ ಇಬ್ಬರಲ್ಲಿಯೂ ಉಳಿಯಿತು. ಚಿತ್ರದಲ್ಲಿ ಅಂತಹ ಸಂಬಂಧ ಕಂಡರೆ ಅದೆಲ್ಲವೂ ಉಪಕರಣದ ದೋಷವೆಂದೇ ಲೆಕ್ಕ.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಜಪಾನಿನವರು ೨೦೦೬ರಲ್ಲಿ ಹಾರಿಸಿದ ಆಲೋಸ್ ಉಪಗ್ರಹದ ರೇಡಾರಿನ ಅಂಶಾಂಕನಕ್ಕೆ ಅಮೆಜಾನಿನ ಅರಣ್ಯವನ್ನು ಆರಿಸಿಕೊಂಡದ್ದು ಯುಕ್ತವೇ. ವಿಶಾಲವಾದ ಆ ಏಕರೂಪ ಕಾಡಿಗೆ ಈ ಊಹೆ ಬಹುಮಟ್ಟಿಗೆ ಒಪ್ಪುತ್ತದೆ. ಬೆಟ್ಟಸೀಮೆಯ ಮಾತು ಬೇರೆ. ರೇಡಾರು ಚಲಿಸುವ ದಿಕ್ಕಿನಲ್ಲಿ ನೆಲವು ಓರೆಯಾಗಿದ್ದರೆ ಪ್ರತಿಧ್ವನಿಯ ಧ್ರುವಣವು ತಿರುಗಿ, ಸಹಸಂಬಂಧವು ನೆಲದಿಂದಲೇ ಹುಟ್ಟುತ್ತದೆ. ಲೀ ಮತ್ತು ಅವರ ಸಹೋದ್ಯೋಗಿಗಳು ೨೦೦೦ದಲ್ಲಿ ಇಳಿಜಾರಿನ ಪರಿಣಾಮವನ್ನು ತಿದ್ದಲು ಆಧಾರವಾಗಿಟ್ಟುಕೊಂಡದ್ದು ಈ ತಿರುವನ್ನೇ. ಒಬ್ಬರಿಗೆ ಪ್ರಮಾಣವಾದುದು ಇನ್ನೊಬ್ಬರಿಗೆ ಕಳೆಯತಕ್ಕ ದೋಷವಾಯಿತು! ಹೀಗೆ ಅಂಶಾಂಕನಗೊಂಡ ಚಿತ್ರವು ಶುದ್ಧವಾಗಿ ಕಾಣುವುದು ನಿಶ್ಚಯ. ಆದರೆ ಊಹಿಸಿದ್ದನ್ನೇ ಅದು ಮರಳಿ ಒಪ್ಪಿಸುವುದರಿಂದ ಆ ಶುದ್ಧಿಗೆ ಸಾಕ್ಷ್ಯದ ಬೆಲೆಯಿಲ್ಲ.

ಐನ್ಸ್‌ವರ್ತ್, ಫೆರೊ-ಫಾಮಿಲ್ ಮತ್ತು ಲೀ ಅವರು ೨೦೦೬ರಲ್ಲಿ ಈ ಊಹೆಯನ್ನು ಬಿಟ್ಟು, ಎರಡು ವಿಜಾತೀಯ ಪ್ರತಿಧ್ವನಿಗಳು ಪರಸ್ಪರ ಸಮಾನವೆಂಬ ಭೌತನಿಯಮವನ್ನು ಆಶ್ರಯಿಸಿದರು. ಈ ಮಾರ್ಗವೇ ಮೇಲೆಂದು ನಾವು ಭಾವಿಸುತ್ತೇವೆ. ಆದರೂ ಒಂದು ತೊಡಕು ಉಳಿಯುತ್ತದೆ. ಉಪಕರಣದ ಅಕ್ಷವೇ ತುಸು ತಿರುಗಿದೆಯೋ, ನೆಲವೆಲ್ಲ ಒಂದೇ ಪ್ರಮಾಣದಲ್ಲಿ ಓರೆಯಾಗಿದೆಯೋ ಎಂಬುದನ್ನು ಚಿತ್ರವೊಂದರಿಂದಲೇ ನಿರ್ಣಯಿಸಲಾಗದು. ಮೂರು ಲೋಹಫಲಕಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿದ ರೂಢಿಯ ಪ್ರತಿಫಲಕವೂ ಇಲ್ಲಿ ನೆರವಾಗದು. ಅಕ್ಷವು ಎಷ್ಟು ತಿರುಗಿದರೂ ಅದರ ಉತ್ತರ ಒಂದೇ. ಎರಡು ಫಲಕಗಳ ಪ್ರತಿಫಲಕವನ್ನು ಗೊತ್ತಾದ ಕೋನದಲ್ಲಿ ನಿಲ್ಲಿಸಿದರೆ ಮಾತ್ರ ಈ ತಿರುವು ಬಯಲಾಗುತ್ತದೆ.

ಆದುದರಿಂದ ಗುಡ್ಡಗಾಡಿನ ಅರಣ್ಯಗಳ ಜೀವರಾಶಿಯನ್ನು ಇಂತಹ ಚಿತ್ರಗಳಿಂದ ಅಳೆಯುವವರು, ಅಂಶಾಂಕನವಾಗಿದೆ ಎಂದಷ್ಟೇ ಹೇಳಿದರೆ ಸಾಲದು. ಯಾವ ಊಹೆಯಿಂದ, ಎಂತಹ ನೆಲದ ಮೇಲೆ, ಯಾವ ಪ್ರತಿಫಲಕದ ಸಾಕ್ಷ್ಯದಿಂದ ಆಗಿದೆ ಎಂಬುದನ್ನೂ ಫಲಿತಾಂಶದೊಡನೆ ತಿಳಿಸತಕ್ಕದ್ದು.