ವಾಪಸು ಟಿಕೆಟ್ಟಿಗೂ ಲುಕ್ಲಾದ ಮಂಜಿಗೂ

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಡುವವರು ಬೂಟು, ಜಾಕೆಟ್ಟು, ಸ್ಲೀಪಿಂಗ್ ಬ್ಯಾಗು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ವಾಪಸು ಟಿಕೆಟ್ಟನ್ನು ಮಾತ್ರ ಅಗ್ಗಕ್ಕೆ ಸಿಕ್ಕ ದಿನಕ್ಕೆ ಬುಕ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಚಾರಣ ಶುರುವಾಗುವುದೂ ಮುಗಿಯುವುದೂ ಲುಕ್ಲಾದ ವಿಮಾನ ನಿಲ್ದಾಣದಲ್ಲಿ. ಅಲ್ಲಿನ ರನ್‌ವೇ ಬರೀ 527 ಮೀಟರ್ ಉದ್ದ. ಒಂದು ತುದಿಗೆ ಬೆಟ್ಟ, ಇನ್ನೊಂದು ತುದಿಗೆ ಕಣಿವೆ, ನಡುವೆ ಸುಮಾರು ಶೇ 12ರಷ್ಟು ಇಳಿಜಾರು. ಬಂದಿಳಿಯುವ ವಿಮಾನಕ್ಕೆ ಆ ಏರೇ ಅರ್ಧ ಬ್ರೇಕು. ಹೊರಡುವ ವಿಮಾನ ಇಳಿಜಾರಿನಲ್ಲಿ ಓಡಿ ವೇಗ ಪಡೆಯುತ್ತದೆ. ಟ್ವಿನ್ ಆಟರ್, ಡಾರ್ನಿಯರ್‌ನಂಥ ಪುಟ್ಟ ವಿಮಾನಗಳೇ ಇಲ್ಲಿಗೆ ಗತಿ. ಪೈಲಟ್‌ಗೆ ದಾರಿ ಕಣ್ಣಾರೆ ಕಾಣಬೇಕು. ಮಧ್ಯಾಹ್ನವಾಗುತ್ತಲೇ ಗಾಳಿ, ಮೋಡ. ಹೀಗಾಗಿ ಹಾರಾಟವೆಲ್ಲ ಹೆಚ್ಚಾಗಿ ಬೆಳಗಿನ ಹೊತ್ತು. 2011ರ ನವೆಂಬರಿನಲ್ಲಿ ಮಂಜು ಕವಿದು ಎರಡು ಸಾವಿರಕ್ಕೂ ಹೆಚ್ಚು ಚಾರಣಿಗರು ದಿನಗಟ್ಟಲೆ ಅಲ್ಲೇ ಸಿಕ್ಕಿಬಿದ್ದಿದ್ದರು.

ವಿಮಾನ ರದ್ದಾದವರಿಗೆ ಮರುದಿನ ಮೊದಲ ಸರದಿ ಸಿಗುತ್ತದೆ ಎಂದುಕೊಂಡರೆ ಕೆಟ್ಟಿತು. ಸಾಮಾನ್ಯವಾಗಿ ಮರುದಿನದ ಟಿಕೆಟ್ಟಿನವರೇ ಮೊದಲು ಹಾರುತ್ತಾರೆ. ಸೀಟು ಮಿಕ್ಕರೆ ನಿನ್ನೆಯವರಿಗೆ. ಬಲ್ಲವರು ಬೆಳಗಿನ ಮೊದಲ ವಿಮಾನವನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ, ಕಠ್ಮಂಡುವಿನಿಂದ ಊರಿಗೆ ಹೊರಡುವ ಮುನ್ನ ಎರಡು ಮೂರು ದಿನ ಖಾಲಿ ಬಿಡುತ್ತಾರೆ. ಮಂಜು ಕಾಡದಿದ್ದರೆ ಆ ದಿನಗಳಿಗೆ ಕಠ್ಮಂಡು ಪಕ್ಕದ ಭಕ್ತಪುರವಿದೆ. ಅಲ್ಲಿ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟುವ ಜುಜು ಧೌ ಎಂಬ ಸಿಹಿ ಮೊಸರಿಗಾಗಿಯೇ ಒಂದು ದಿನ ಉಳಿಯಬಹುದು.

ಇನ್ನೊಂದು ತೊಡಕು ಮಂಥಲಿ. ಚಾರಣದ ಸೀಸನ್ನಿನಲ್ಲಿ ಕಠ್ಮಂಡು ನಿಲ್ದಾಣದ ದಟ್ಟಣೆ ತಪ್ಪಿಸಲು ಲುಕ್ಲಾ ವಿಮಾನಗಳು ಬಹುಪಾಲು ರಾಮೆಛಾಪ್ ಜಿಲ್ಲೆಯ ಈ ಊರಿನಿಂದ ಹೊರಡುತ್ತವೆ. ರಸ್ತೆಯಲ್ಲಿ ನಾಲ್ಕೈದು ಗಂಟೆ ದೂರ. ನಡುರಾತ್ರಿ ಕಳೆಯುತ್ತಲೇ ಜೀಪು ಹತ್ತಬೇಕಾದ್ದರಿಂದ ಕಠ್ಮಂಡುವಿನ ಥಮೇಲ್‌ನಲ್ಲಿ ಆ ರಾತ್ರಿಗೆ ಹಿಡಿದ ದುಬಾರಿ ರೂಮು ದಂಡ. ಹಿಂದಿನ ಮಧ್ಯಾಹ್ನವೇ ಹೊರಟು ಮಂಥಲಿಯಲ್ಲಿ ಮಲಗುವುದು ಲೇಸು.

ಮೇಲೆ ಚಾರಣದ ದಾರಿಯಲ್ಲಿ ತಂಗಲು ಟೀಹೌಸ್‌ಗಳಿವೆ. ರೂಮು ಅಗ್ಗ, ಆದರೆ ಊಟ–ತಿಂಡಿ ಅಲ್ಲೇ ಮಾಡಬೇಕೆಂಬುದು ಒಪ್ಪಂದ. ಪ್ಲೈವುಡ್ ಗೋಡೆಯಾಚೆ ಪಕ್ಕದವರು ಮಗ್ಗುಲಾದರೂ ಕೇಳುತ್ತದೆ. ಬೆಚ್ಚಗಿರುವುದು ಯಾಕ್ ಸಗಣಿಯ ಬೆರಣಿ ಉರಿಯುವ ಊಟದ ಕೋಣೆಯೊಂದೇ. ದಾರಿಯುದ್ದಕ್ಕೂ ತಾರೀಖು ಹಾಕಿ ಮುಂಗಡ ಬುಕ್ ಮಾಡುವುದು ಜಾಣತನದಂತೆ ಕಂಡರೂ ಅಪಾಯವೇ. ನಾಮ್ಚೆಯಲ್ಲೋ (3,440 ಮೀಟರ್) ದಿಂಗ್‌ಬೊಚೆಯಲ್ಲೋ (4,410 ಮೀಟರ್) ಎತ್ತರಕ್ಕೆ ತಲೆನೋವು ಶುರುವಾದರೆ ನಿಲ್ಲಲೇಬೇಕು. ಕಟ್ಟಿದ ದುಡ್ಡಿನ ಆಸೆಗೆ ಮೇಲೇರಿದರೆ ಪ್ರಾಣಕ್ಕೇ ಸಂಚಕಾರ. ಬೇಸ್ ಕ್ಯಾಂಪಿಗೆ ಮುಂಚಿನ ಕೊನೆಯ ತಂಗುದಾಣ ಗೋರಕ್‌ಶೆಪ್ ಮಾತ್ರ ಬೇರೆ. ಅಲ್ಲಿ ಲಾಡ್ಜುಗಳು ಬೆರಳೆಣಿಕೆಯಷ್ಟು. ಅಕ್ಟೋಬರಿನಲ್ಲಿ ಗೈಡ್‌ಗಳು ಮುಂಚೆಯೇ ಫೋನು ಮಾಡಿ ಹಾಸಿಗೆ ಹಿಡಿದಿಡುತ್ತಾರೆ.

ಭಾರತೀಯರಿಗೆ ವೀಸಾ ತಾಪತ್ರಯವಿಲ್ಲ. ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನೆಚ್ಚಿಕೊಂಡು ಹೊರಟವರು ಬೆಂಗಳೂರಿನ ಚೆಕ್-ಇನ್ ಕೌಂಟರಿನಿಂದಲೇ ಮನೆಗೆ ವಾಪಸಾಗಬೇಕಾದೀತು.