ಲಕ್ಷಣವಿಲ್ಲದ ರೋಗ: ಕನ್ನಡ ಪಶುವೈದ್ಯ ವಾಙ್ಮಯದ ಒಂದು ಕೊರತೆ

೧

ಕನ್ನಡದಲ್ಲಿ ಪಶುವೈದ್ಯವು ಈಚೆಗೆ ಹುಟ್ಟಿದ ಶಾಸ್ತ್ರವಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಸುಮಾರು ೧೧೨೫ರಲ್ಲಿ ‘ಗೋವೈದ್ಯ’ವನ್ನು ರಚಿಸಿದನು, ಈ ಶಾಸ್ತ್ರದಲ್ಲಿ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದೆಂದು ಸಾಹಿತ್ಯಚರಿತ್ರಕಾರರು ಎಣಿಸುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷಚಿಕಿತ್ಸೆಯನ್ನು ವಿಸ್ತಾರವಾಗಿ ನಿರೂಪಿಸಿತು. ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಕುದುರೆಗಳ ವಿಷಯವಾಗಿ ಶಾಸ್ತ್ರಗ್ರಂಥವನ್ನು ಬರೆದನು. ಇಂತಹ ವಿಷಯಗಳನ್ನು ಸಂಸ್ಕೃತಕ್ಕೇ ಬಿಟ್ಟುಕೊಡದೆ ದೇಶಭಾಷೆಯಲ್ಲಿ ಹೇಳಿದ ಈ ಗ್ರಂಥಕರ್ತರ ಸಾಹಸವು ಶ್ಲಾಘ್ಯವಾದುದೇ ಸರಿ.

ಆದರೆ ಈ ಪರಂಪರೆಯನ್ನು ಒಟ್ಟಾಗಿ ಪರಾಮರ್ಶಿಸುವಾಗ ಎರಡು ಸಂಗತಿಗಳು ಗಮನಕ್ಕೆ ಬರುತ್ತವೆ. ಮೊದಲನೆಯದು, ಶಾಸ್ತ್ರಕಾರರು ಯಾವ ಪ್ರಾಣಿಗಳನ್ನು ಆರಿಸಿಕೊಂಡರೆಂಬುದು. ಗೋವು ಗೃಹಸ್ಥನ ಸಂಪತ್ತು, ಕುದುರೆ ಅರಸನ ಬಲ. ಇವೆರಡಕ್ಕೂ ವೈದ್ಯಗ್ರಂಥಗಳು ಹುಟ್ಟಿದುವು. ಕೋಳಿಯಾದರೋ ವೈದ್ಯಕ್ಕೆ ಮೊದಲು ಕಾವ್ಯವನ್ನು ಪ್ರವೇಶಿಸಿತು, ಅದೂ ಬಲಿಯ ರೂಪದಲ್ಲಿ: ೧೨೦೯ರ ‘ಯಶೋಧರಚರಿತೆ’ಯಲ್ಲಿ ಜನ್ನನು ಹಿಟ್ಟಿನ ಕೋಳಿಯನ್ನು ಕೊಂದ ಪಾಪದ ಕಥೆಯನ್ನು ಹೇಳಿದನು. ಕಲ್ಯಾಣದ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಕೋಳಿಯು ಅರಸನ ವಿನೋದಗಳಲ್ಲಿ ಒಂದಾಗಿ ಕಾದಾಡಿತು. ಊರಂಚಿನ ಬಡವನ ಹಂದಿಗೆ ಬಲಿಯ ಗೌರವವಾಗಲಿ ವಿನೋದದ ಗೌರವವಾಗಲಿ ಅಷ್ಟಾಗಿ ದೊರೆಯಲಿಲ್ಲ.

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯವಾದುದು. ವೈದ್ಯಗ್ರಂಥದ ನಿರೂಪಣೆಯು ಲಕ್ಷಣದಿಂದ ಹೊರಟು ಚಿಕಿತ್ಸೆಯಲ್ಲಿ ಮುಗಿಯುತ್ತದೆ. ಪ್ರಾಣಿಯು ಮೇವು ಬಿಟ್ಟಿತು, ಜೊಲ್ಲು ಸುರಿಸಿತು, ಕಾಲೆಳೆಯಿತು. ಆ ಕುರುಹಿನಿಂದ ರೋಗಕ್ಕೆ ಹೆಸರು, ಹೆಸರಿನಿಂದ ಮದ್ದು. ಹಳ್ಳಿಯ ಆಡುಮಾತಿನ ರೋಗನಾಮಗಳೂ ಇದೇ ಜಾಡಿನವು. ಗಂಟಲುಬೇನೆ, ಚಪ್ಪೆಬೇನೆ, ಕಾಲುಬಾಯಿಜ್ವರ ಎಂಬ ಹೆಸರುಗಳಲ್ಲಿ ರೋಗವು ತೋರಿಕೊಳ್ಳುವ ಅಂಗವೇ ರೋಗದ ಹೆಸರಾಗಿದೆ. ಎಳೆಮರಿಗಳನ್ನು ಕೊಲ್ಲುವ ‘ಬಿಳಿಭೇದಿ’ ಎಂಬ ಹೆಸರೂ ಕಣ್ಣಿಗೆ ಕಂಡದ್ದನ್ನೇ ಹೇಳುತ್ತದೆ. ಈ ಪದ್ಧತಿಯು ಅನೇಕ ಶತಮಾನಗಳ ಅನುಭವದಿಂದ ಬಂದದ್ದು. ರೋಗಿಯಾದ ಪ್ರಾಣಿಗೆ ಇಂದಿಗೂ ಉಪಯುಕ್ತವಾದದ್ದು. ರೋಗವಿದ್ದೂ ಪ್ರಾಣಿಯು ನಿರೋಗಿಯಂತೆ ಇರುವಲ್ಲಿ ಮಾತ್ರ ಅದು ಮೂಕವಾಗುತ್ತದೆ. ಹಂದಿ ಕೋಳಿಗಳ ಸಾಲ್ಮೊನೆಲ್ಲ ಅಂತಹ ಪ್ರಸಂಗ.

೨

ಈ ಸೂಕ್ಷ್ಮಜೀವಿಯ ಹೆಸರಿನಲ್ಲಿಯೇ ಒಂದು ಪಾಠವಿದೆ. ೧೮೮೫ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಎಂಬ ವಿದ್ವಾಂಸನು ರೋಗಪೀಡಿತ ಹಂದಿಗಳಿಂದ ಇದನ್ನು ಬೇರ್ಪಡಿಸಿದನು. ಅವನ ಮೇಲಧಿಕಾರಿಯಾಗಿದ್ದ ಪಶುವೈದ್ಯ ಡೇನಿಯಲ್ ಸಾಲ್ಮನನ ಹೆಸರು ಅದಕ್ಕೆ ನಿಂತಿತು. ಹಂದಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ‘ಹಂದಿಕಾಲರ’ಕ್ಕೆ ಇದೇ ಕಾರಣವೆಂದು ಆಗ ನಂಬಿದರು. ಆ ವ್ಯಾಧಿಗೆ ಕಾರಣವು ಒಂದು ವೈರಸ್ಸೆಂದೂ, ಈ ಜೀವಿಯು ಅದೇ ಹಂದಿಗಳಲ್ಲಿ ಜೊತೆಗೆ ಇದ್ದದ್ದೆಂದೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಿದ್ಧವಾಯಿತು. ಲಕ್ಷಣವನ್ನು ಕಂಡು ಕಾರಣವನ್ನು ನಿರ್ಣಯಿಸುವ ಪದ್ಧತಿಯು ಪ್ರಯೋಗಶಾಲೆಯಲ್ಲಿಯೂ ಎಡವಬಲ್ಲುದೆಂಬುದಕ್ಕೆ ಇದು ನಿದರ್ಶನ.

ಈ ಕುಲದಲ್ಲಿ ೨,೫೦೦ಕ್ಕೂ ಮಿಕ್ಕ ಪ್ರಭೇದಗಳನ್ನು ಗುರುತಿಸಿದ್ದಾರೆ. ಮೊದಲು ದೊರೆತ ಊರಿನ ಹೆಸರನ್ನೇ ಪ್ರಭೇದಕ್ಕೆ ಇಡುವ ವಾಡಿಕೆಯಿಂದ ಲಂಡನ್, ಡಬ್ಲಿನ್, ಬರೇಲಿ ಮೊದಲಾದ ಊರುಗಳು ಈ ಪಟ್ಟಿಯಲ್ಲಿ ಸೇರಿಕೊಂಡಿವೆ. ಮನುಷ್ಯನ ವಿಷಮಶೀತಜ್ವರವನ್ನು ತರುವ ಪ್ರಭೇದವು ಮನುಷ್ಯನಲ್ಲಿ ಮಾತ್ರ ನೆಲಸುವುದು. ಕೋಳಿಯನ್ನೇ ಕೊಲ್ಲುವ ಪ್ರಭೇದಗಳು ಬೇರೆ. ಬಿಳಿಭೇದಿಯನ್ನು ತರುವುದು ಅವುಗಳಲ್ಲೊಂದು. ಮಿಕ್ಕ ಅನೇಕವು ಹಂದಿ ಕೋಳಿಗಳ ಕರುಳಿನಲ್ಲಿ ಅವಕ್ಕೆ ಯಾವ ತೊಂದರೆಯನ್ನೂ ಕೊಡದೆ ವಾಸಿಸಿ, ಮಾಂಸ ಮೊಟ್ಟೆಗಳ ಮುಖಾಂತರ ತಿನ್ನುವವನಿಗೆ ವಾಂತಿ, ಭೇದಿ, ಜ್ವರಗಳನ್ನು ಉಂಟುಮಾಡುತ್ತವೆ. ಎಳೆಯ ಮಕ್ಕಳಿಗೂ ವೃದ್ಧರಿಗೂ ಇದು ಪ್ರಾಣಾಂತಿಕವಾಗಬಹುದು. ೧೯೫೩ರಲ್ಲಿ ಸ್ವೀಡನ್ನಿನ ಆಲ್ವೆಸ್ತ ಎಂಬಲ್ಲಿನ ಕಸಾಯಿಖಾನೆಯೊಂದರಿಂದ ಹೊರಟ ಮಾಂಸದಿಂದ ಸುಮಾರು ೯,೦೦೦ ಜನ ರೋಗಕ್ಕೆ ತುತ್ತಾದರು. ಸುಮಾರು ೯೦ ಜನ ಮಡಿದರು.

ಹೀಗಿರಲು ವೈದ್ಯನು ರೋಗಿಯನ್ನು ಕಾದು ಕುಳಿತರೆ ಫಲವಿಲ್ಲ. ನಿರೋಗಿಗಳ ಗುಂಪನ್ನೇ ಅವನು ನಿಯತಕಾಲದಲ್ಲಿ ಪರೀಕ್ಷಿಸಬೇಕು. ಕೋಳಿಮನೆಯಲ್ಲಿ ಕಾಲಿಗೆ ಬಟ್ಟೆಯ ಚೀಲ ತೊಟ್ಟು ನಡೆದಾಡಿ, ಅದಕ್ಕೆ ಅಂಟಿದ ಹಿಕ್ಕೆ ಧೂಳುಗಳನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಹಂದಿಯಲ್ಲಿ ಸಗಣಿಯನ್ನೋ, ವಧೆಯಾದ ಮೇಲೆ ಕರುಳಿನ ಗ್ರಂಥಿಗಳನ್ನೋ ಮಾಂಸರಸವನ್ನೋ ಆರಿಸಿಕೊಳ್ಳುತ್ತಾರೆ. ಪ್ರಯೋಗಶಾಲೆಯು ಮಾದರಿಯನ್ನು ಮೊದಲು ಪೋಷಕದ್ರವದಲ್ಲಿ ಬೆಳೆಯಿಸಿ, ಬಳಿಕ ಸಾಲ್ಮೊನೆಲ್ಲಕ್ಕೆ ಅನುಕೂಲವಾಗಿ ಇತರ ಜೀವಿಗಳನ್ನು ತಡೆಯುವ ಮಾಧ್ಯಮಗಳಿಗೆ ದಾಟಿಸಿ, ಕೆಲವು ದಿನಗಳ ಮೇಲೆ ಫಲವನ್ನು ತಿಳಿಸುತ್ತದೆ. ಪ್ರಾಣಿಯು ಜೀವಿಯನ್ನು ಎಡೆಬಿಟ್ಟು ಹೊರಹಾಕುವುದರಿಂದ ಒಂದು ಸಲ ಸಿಕ್ಕದಿದ್ದರೆ ಇಲ್ಲವೆಂದು ಹೇಳುವಂತಿಲ್ಲ. ನೂರಕ್ಕೆ ಐದು ಕೋಳಿಗಳಲ್ಲಿ ಸೋಂಕಿರುವ ದೊಡ್ಡ ಗುಂಪಿನಲ್ಲಿ ಅದನ್ನು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಕಂಡುಹಿಡಿಯಬೇಕಾದರೆ, ಪರೀಕ್ಷೆಯು ದೋಷರಹಿತವೆಂದು ಇಟ್ಟುಕೊಂಡರೂ ೫೯ ಕೋಳಿಗಳನ್ನು ನೋಡಬೇಕಾಗುತ್ತದೆ. ಆದಕಾರಣ ಇಲ್ಲಿ ದೊರೆಯುವ ಜ್ಞಾನವು ‘ಈ ಕೋಳಿಗೆ ಇಂತಹ ರೋಗ’ ಎಂಬ ಜಾತಿಯದಲ್ಲ; ‘ಈ ಗುಂಪಿನಲ್ಲಿ ಇಷ್ಟು ಸಂಭವ’ ಎಂಬ ಜಾತಿಯದು. ಕೀರ್ತಿವರ್ಮನ ವಾಕ್ಯರಚನೆಯಲ್ಲಿ ಇದಕ್ಕೆ ಸ್ಥಳವಿರಲಿಲ್ಲ. ಇಂದಿನ ಕನ್ನಡ ಪಶುಪಾಲನಾ ಗ್ರಂಥಗಳೂ ಬಹುಮಟ್ಟಿಗೆ ‘ಲಕ್ಷಣಗಳು’, ‘ಚಿಕಿತ್ಸೆ’ ಎಂಬ ಶೀರ್ಷಿಕೆಗಳಲ್ಲಿಯೇ ನಡೆಯುತ್ತಿರುವುದು ಶೋಚನೀಯ.

೩

ಈ ಕೊರತೆಯು ಶಬ್ದಗಳಲ್ಲಿ ಸ್ಪಷ್ಟವಾಗಿ ತೋರುತ್ತದೆ. ಈ ಕಾರ್ಯಕ್ಕೆ ಈಗ ಬಳಕೆಯಲ್ಲಿರುವ ಮಾತುಗಳು ನಾಲ್ಕು: ತಪಾಸಣೆ, ಸಮೀಕ್ಷೆ, ನಿಗಾ, ಕಣ್ಗಾವಲು. ‘ತಪಾಸಣೆ’ ಎಂದೊಡನೆ ಅಧಿಕಾರಿಯ ಬರವೂ ತಪ್ಪಿನ ಶೋಧನೆಯೂ ನೆನಪಿಗೆ ಬರುತ್ತವೆ. ‘ಸಮೀಕ್ಷೆ’ಯು ಒಂದು ಸಲ ನಡೆದು ಮುಗಿಯುವಂಥದು. ‘ನಿಗಾ’ ಇಡುವುದು ಆಗಲೇ ರೋಗಿಯೆಂದು ತಿಳಿದವನ ಮೇಲೆ. ‘ಕಣ್ಗಾವಲು’ ಅಂದವಾದ ಸಮಾಸವೇನೋ ಹೌದು; ಆದರೆ ಕಣ್ಣಿಗೆ ಕಾಣದ್ದನ್ನು ಕಾಯುವ ಕೆಲಸಕ್ಕೆ ಕಣ್ಣನ್ನೇ ಸಾಧನವಾಗಿ ಹೇಳುವುದರಿಂದ ಓದುಗನು ದಾರಿತಪ್ಪುತ್ತಾನೆ. ಚೆನ್ನಾಗಿ ನೋಡಿಕೊಂಡರೆ ಸಾಕೆಂದು ಕೋಳಿ ಸಾಕುವವನು ಇದರಿಂದ ಭಾವಿಸಿದರೆ ತಪ್ಪು ಅವನದಲ್ಲ.

ಶಾಸ್ತ್ರದಲ್ಲಿಯಾದರೋ ಎರಡು ಕಾರ್ಯಗಳನ್ನು ವಿಂಗಡಿಸುತ್ತಾರೆ. ನಿಯತವಾಗಿ ಅಳೆದು ಏರಿಳಿತವನ್ನು ಬರೆದಿಡುವುದು ಒಂದು. ಅಳತೆಯು ಗೊತ್ತಾದ ಮಿತಿಯನ್ನು ಮೀರಿದಾಗ ಮೊದಲೇ ನಿಶ್ಚಯಿಸಿದ ಕ್ರಮವನ್ನು ಕೈಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ‘ಸತತಪರೀಕ್ಷೆ’ ಎಂದೂ ಎರಡನೆಯದಕ್ಕೆ ಬರಿಯ ‘ಕಾವಲು’ ಎಂದೂ ಹೇಳಬಹುದು. ಕಾವಲು ಎಂಬುದು ಮೈಸೂರು ಸೀಮೆಯಲ್ಲಿ ಕಾಯುವ ಕೆಲಸಕ್ಕೂ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲಿಗೂ ಸಲ್ಲುವ ಮಾತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಿಂದ ಅಮೃತಮಹಲಿನವರೆಗೆ ಅದು ಹಿಂಡಿನ ಪಾಲನೆಯೊಡನೆ ಬೆರೆತುಬಂದಿದೆ. ಒಂದೊಂದು ದನಕ್ಕೆ ಬದಲಾಗಿ ಇಡಿಯ ಹಿಂಡನ್ನು ಮನಸ್ಸಿಗೆ ತರುವ ಶಕ್ತಿಯು ಈ ಮಾತಿಗೆ ಇರುವುದರಿಂದ ಇದು ಗ್ರಾಹ್ಯವಾಗಿದೆ.

ಕರ್ಣಾಟಕಕ್ಕೆ ಈ ಕಾರ್ಯವು ಅಪರಿಚಿತವೆಂದು ಹೇಳುವಂತೆಯೂ ಇಲ್ಲ. ೧೯೨೫ರಲ್ಲಿ ಸ್ಥಾಪಿತವಾದ ಮೈಸೂರು ಸೀರಂ ಸಂಸ್ಥೆಯು, ಇಂದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ದನಗಳ ದೊಡ್ಡರೋಗದ ವಿರುದ್ಧ ಹೋರಾಡುವುದಕ್ಕಾಗಿಯೇ ಹುಟ್ಟಿತು. ಆ ರೋಗವು ೨೦೧೧ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲ್ಪಟ್ಟಿತು. ಅದಕ್ಕೆ ಮೊದಲು ಭಾರತದ ಹಳ್ಳಿಹಳ್ಳಿಗಳಲ್ಲಿ ಪಶುವೈದ್ಯರು ರೋಗವನ್ನು ಹುಡುಕಿಕೊಂಡು ಹೋಗಿ, ಇಲ್ಲವೆಂಬುದನ್ನು ದೃಢಪಡಿಸಬೇಕಾಯಿತು. ‘ಇಲ್ಲ’ ಎಂಬುದನ್ನು ಸಿದ್ಧಮಾಡುವ ಈ ಮಹತ್ಕಾರ್ಯವು ಮಹಾಮಾರಿಯ ವರ್ಣನೆಯಷ್ಟು ಸುಲಭವಾಗಿ ಸಾಹಿತ್ಯಕ್ಕೆ ವಸ್ತುವಾಗದೆ ಹೋಯಿತು.

೪

ಶಾಸ್ತ್ರಗ್ರಂಥಗಳು ಬಿಟ್ಟ ಸ್ಥಳವನ್ನು ಕಥಾಸಾಹಿತ್ಯವು ಒಂದೆಡೆ ತುಂಬಿದೆ. ಸರಗೂರಿನ ಮಗ್ಗುಲಲ್ಲಿ ಹರಿಯುವ ಕಪಿಲೆಯು ಮುಂದೆ ನಂಜನಗೂಡನ್ನು ಮುಟ್ಟುತ್ತದೆ. ಆ ತಾಲ್ಲೂಕಿನ ದೇವನೂರಿನವರು ‘ಒಡಲಾಳ’ವನ್ನು ಬರೆದ ದೇವನೂರ ಮಹಾದೇವ. ಅಲ್ಲಿ ಸಾಕವ್ವನ ಹುಂಜ ಕಾಣದಾಗುತ್ತದೆ. ಮುದುಕಿಯು ಅದನ್ನು ಹುಡುಕಿಕೊಂಡು ಹೊರಡುತ್ತಾಳೆ. ಕಳುವಾದ ಕಡಲೆಕಾಯಿಯನ್ನು ಹುಡುಕಿಕೊಂಡು ಪೊಲೀಸರು ಅವಳ ಮನೆಗೆ ಬರುತ್ತಾರೆ. ಒಂದೇ ಕಥೆಯಲ್ಲಿ ಎರಡು ಶೋಧಗಳಿವೆ: ಮಮತೆಯಿಂದ ಹೊರಟದ್ದು ಒಂದು, ಸಂಶಯದಿಂದ ಬಂದದ್ದು ಮತ್ತೊಂದು. ಸಾಕವ್ವನಿಗೆ ತನ್ನ ಹುಂಜ ನೂರರಲ್ಲಿ ಒಂದಲ್ಲ. ಅದರ ಇರವೂ ಇಲ್ಲದಿರುವೂ ಅವಳಿಗೆ ಒಡನೆಯೇ ತಿಳಿಯುತ್ತದೆ. ಸಾವಿರಾರು ಕೋಳಿಗಳ ಮನೆಯಲ್ಲಿ ಯಜಮಾನನಿಗೆ ಈ ಪರಿಚಯವು ಅಸಾಧ್ಯ. ಮಾದರಿ, ಲೆಕ್ಕ, ಪ್ರಯೋಗಶಾಲೆಗಳು ಆ ಲುಪ್ತವಾದ ಪರಿಚಯಕ್ಕೆ ಬದಲಾಗಿ ಬಂದವು.

ಆದರೆ ಸಾಕವ್ವನ ಕಣ್ಣಿಗೂ ಸಾಲ್ಮೊನೆಲ್ಲ ಕಾಣುವುದಿಲ್ಲವೆಂಬುದನ್ನು ಮರೆಯಲಾಗದು. ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟು ಈಚೆಗೆ ತಾನೇ ತಾಲ್ಲೂಕಾದ ಸರಗೂರಿನ ಸೀಮೆಯಲ್ಲಿ ಅಂಗಳದ ನಾಟಿಕೋಳಿಯೂ ಕೊಟ್ಟಿಗೆಯ ಹಂದಿಯೂ ಬಡವನ ಕೈಗಂಟು. ಹಬ್ಬಕ್ಕೆ, ನೆಂಟರಿಗೆ, ಆಸ್ಪತ್ರೆಯ ಖರ್ಚಿಗೆ ಒದಗುವ ಧನ. ಮಾರಿಯ ರೋಗವೆಂದರೆ ಏನೆಂದು ಈ ಸೀಮೆಯವರು ಬಲ್ಲರು. ೨೦೨೦ರ ಮಾರ್ಚಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡು ಕೋಳಿಗಳನ್ನು ಕೊಲ್ಲಿಸಬೇಕಾಯಿತು; ೨೦೨೨ರ ಜುಲೈನಲ್ಲಿ ಗಡಿಯಾಚೆಯ ಮಾನಂದವಾಡಿಯಲ್ಲಿ ಆಫ್ರಿಕದ ಹಂದಿಜ್ವರಕ್ಕಾಗಿ ಹಂದಿಗಳನ್ನು ಸಂಹರಿಸಿದರು. ಇಂತಹ ನೆನಪು ಇರುವಲ್ಲಿ ಪರೀಕ್ಷೆಯು ಪೊಲೀಸರ ಶೋಧದಂತೆ ಬಾಗಿಲಿಗೆ ಬಂದರೆ ಜನರು ಕೋಳಿಯನ್ನು ಮಂಕರಿಯಡಿಯಲ್ಲಿ ಅಡಗಿಸುವುದು ಸಹಜ. ಅಡಗಿಸಿದ ಕೋಳಿಯಿಂದ ಯಾವ ಲೆಕ್ಕವೂ ಹುಟ್ಟದು.

ಪರದೇಶದ ನಿದರ್ಶನವು ಬೇರೊಂದು ದಾರಿಯನ್ನು ತೋರುತ್ತದೆ. ೧೯೯೫ರಲ್ಲಿ ಡೆನ್ಮಾರ್ಕ್ ದೇಶವು ಹಂದಿಗಳ ಮಾಂಸರಸದ ಪರೀಕ್ಷೆಯಿಂದ ಹಿಂಡುಗಳನ್ನು ಮೂರು ಮಟ್ಟಗಳಾಗಿ ವಿಂಗಡಿಸುವ ಏರ್ಪಾಟನ್ನು ಮಾಡಿತು. ಅಲ್ಲಿ ಪ್ರಶ್ನೆಯು ತಪ್ಪಿತಸ್ಥನಾರೆಂಬುದಲ್ಲ, ಹಿಂಡು ಯಾವ ಮಟ್ಟದಲ್ಲಿದೆಯೆಂಬುದು. ಇಲಿ, ನೊಣ, ಮೇವು, ಹೊಸದಾಗಿ ತಂದ ಮರಿ, ಸಾಗಿಸುವಾಗಿನ ದಣಿವು, ಇವೆಲ್ಲ ಮಟ್ಟವನ್ನು ಏರಿಸಬಲ್ಲವು, ಒಂದೊಂದನ್ನೂ ತಿದ್ದಬಹುದು. ಕನ್ನಡದ ಗ್ರಂಥಕರ್ತರು ಇಲ್ಲಿ ಎಚ್ಚರ ವಹಿಸಬೇಕಾದುದು ‘ಕೊಳಕು’, ‘ಶುಚಿ’ ಎಂಬ ಮಾತುಗಳ ವಿಷಯದಲ್ಲಿ. ಹಂದಿ ಸಾಕುವವರನ್ನು ಊರಿನಿಂದ ದೂರವಿಟ್ಟ ಸಮಾಜದಲ್ಲಿ ಈ ಮಾತುಗಳು ರೋಗಕ್ಕಿಂತ ಮೊದಲು ಮನುಷ್ಯನನ್ನು ಮುಟ್ಟುತ್ತವೆ. ಸಾಲ್ಮೊನೆಲ್ಲವಾದರೋ ಕಾಂಕ್ರೀಟು ನೆಲದ ಹೊಸ ಕೋಳಿಮನೆಯಲ್ಲಿಯೂ ಇರುತ್ತದೆ.

೫

ಈ ಪರಾಮರ್ಶೆಯಿಂದ ಸಿದ್ಧವಾಗುವುದು ಇಷ್ಟು. ಕನ್ನಡ ಪಶುವೈದ್ಯ ವಾಙ್ಮಯವು ರೋಗಿಯನ್ನು ಬಲ್ಲುದು, ಗುಂಪನ್ನು ಇನ್ನೂ ಅರಿಯದು. ಲಕ್ಷಣದಿಂದ ಆರಂಭವಾಗುವ ಅಧ್ಯಾಯಗಳ ಪಕ್ಕದಲ್ಲಿ ಲೆಕ್ಕದಿಂದ ಆರಂಭವಾಗುವ ಅಧ್ಯಾಯಗಳು ಬರಬೇಕು: ಎಷ್ಟು ಮಾದರಿ, ಎಷ್ಟು ದಿನಕ್ಕೊಮ್ಮೆ, ಎಷ್ಟರಲ್ಲಿ ಸೋಂಕು, ಹಿಂದಿನ ವರ್ಷಕ್ಕಿಂತ ಹೆಚ್ಚೋ ಕಡಮೆಯೋ, ಮಿತಿಮೀರಿದರೆ ಮಾಡಬೇಕಾದುದೇನು. ಇದಕ್ಕೆ ಬೇಕಾದ ಗದ್ಯವು ಅಧ್ಯಾಪಕರ ಕೈಯಲ್ಲಿಯೇ ರೂಪುಗೊಳ್ಳಬೇಕಾದುದು. ಸಂಭವವನ್ನು ನಿಶ್ಚಯವೆಂದು ಹೇಳದೆ, ಸಂಶಯವನ್ನು ಅಜ್ಞಾನವೆಂದು ಬಿಡದೆ ವಾಕ್ಯವನ್ನು ನಡೆಸುವ ಅಭ್ಯಾಸವು ಪಾಠಶಾಲೆಯಲ್ಲಿ ಬಾರದಿದ್ದರೆ ಮತ್ತೆಲ್ಲಿಯೂ ಬಾರದು. ಅಂಗಳದಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿರುವ ಕೋಳಿಯನ್ನು ಏಕೆ ಪರೀಕ್ಷಿಸಬೇಕೆಂದು ಸರಗೂರಿನ ಸೀಮೆಯ ಹೆಂಗಸೊಬ್ಬಳು ಕೇಳಿದಾಗ ಅವಳಿಗೆ ತಿಳಿಯುವ ಕನ್ನಡದಲ್ಲಿ ಉತ್ತರವನ್ನು ಕೊಡಬಲ್ಲ ಗ್ರಂಥವೇ ಕೀರ್ತಿವರ್ಮನ ಪರಂಪರೆಯನ್ನು ನಿಜವಾಗಿ ಮುಂದುವರಿಸಿದಂತಾಗುವುದು.